ಅಡಕತ್ತರಿಗೆ ಸಿಗದ ಪಟ

ನಮ್ಮ ಮನೆಯವರೂ ಅವರ ಅಣ್ಣನೂ ಪಾಲಾದಾಗ ಜೋಡಿ ಎತ್ತನ್ನೂ ಬಿಡಲಿಲ್ಲ. ತಲೆಗೊಂದರಂತೆ ಹಿಡಿದುಕೊಂಡು ಹೋದರು. ಒಂಟಿ ಎತ್ತಿನಲ್ಲಿ ಉಳುವುದು ಹೇಗೆಂದು ಇಬ್ಬರೂ ಯೋಚಿಸಿರಲಿಲ್ಲ. ಎರವಲು ಎತ್ತು ತಂದು ಕಟ್ಟಿದರೆ ಒಂದು ಮುಂದಕ್ಕೆ ಎಳೆಯುತ್ತಿತ್ತು, ಇನ್ನೊಂದು ಬದುವಿನ ಹುಲ್ಲಿಗೆ. ಯಸಳೂರು ಸಂತೆಗೆ ಹೋಗುವವರು ನಿಂತು ನೋಡಿ ನಗುತ್ತಿದ್ದರು.

ಅವರ ಹಟ ಅವರಿಗಿರಲಿ, ನನ್ನ ಕಷ್ಟವೇ ಬೇರೆ. ಆ ಅಣ್ಣನ ಹೆಂಡತಿ ನನ್ನ ಒಡಹುಟ್ಟಿದ ಅಕ್ಕ, ಚೊಚ್ಚಲ ಬಸುರಿ. ಅವಳ ಒಲೆಯ ಹೊಗೆ ನಮ್ಮ ಅಂಗಳಕ್ಕೇ ಬರುತ್ತಿತ್ತು, ಆದರೆ ನಾನು ಬೇಲಿ ದಾಟುವಂತಿರಲಿಲ್ಲ. ಕರುವನ್ನು ಬೈಯುವ ನೆಪದಲ್ಲಿ ನಾನು "ಉಂಡಿದ್ದು ಹೊಟ್ಟೇಲಿ ನಿಲ್ತದೇನೇ?" ಎಂದು ಕೂಗುತ್ತಿದ್ದೆ, ಅವಳು ಕಾಗೆ ಓಡಿಸುತ್ತಾ ಉತ್ತರ ಕೊಡುತ್ತಿದ್ದಳು. ಹೆರಿಗೆಯ ಹೊತ್ತಿಗೂ ಕಾಗೆಯನ್ನೇ ನಂಬಬೇಕೇನೋ ಎಂದು ನನಗೆ ನಿಜಕ್ಕೂ ಭಯವಾಗಿತ್ತು.

ಆಗ ಎಸ್ಟೇಟಿನ ದೊರೆಯ ಪಟ ತೆಗೆಯಲು ಮಂಗಳೂರು ಕಡೆಯ ಕ್ರಿಸ್ತಾನರೊಬ್ಬರು ಪೆಟ್ಟಿಗೆ ಹೊರಿಸಿಕೊಂಡು ಬಂದರು. ದೊರೆಗೆ ಆದ ಮೇಲೆ ನಮಗೂ ಆಗಲಿ ಎಂದು ಅಣ್ಣತಮ್ಮ ಇಬ್ಬರೂ ಬೇರೆಬೇರೆಯಾಗಿ ಹೇಳಿಕಳಿಸಿದರು. ಮೊದಲು ನಮ್ಮ ಜಗಲಿಗೆ ಬಂದ ಆ ಮನುಷ್ಯನಿಗೆ ಮಜ್ಜಿಗೆ ಕೊಡುತ್ತಾ ಬಾಗಿಲ ಮರೆಯಿಂದಲೇ ಹೇಳಿಕೊಟ್ಟೆ: "ಪಟ ಹಿಡಿಯೋ ಗಾಜು ಒಂದೇ ಉಳಿದೈತೆ ಅನ್ನಿ ಸ್ವಾಮಿ. ಇಬ್ರೂ ಒಟ್ಟಿಗೆ ಕೂತ್ಕೊಳ್ಳಿ, ಆಮೇಲೆ ನಡುವೆ ಕತ್ತರಿಸ್ಕೊಳ್ಳಿ ಅನ್ನಿ." ಪೆಟ್ಟಿಗೆ ತುಂಬ ಗಾಜಿದ್ದ ಅವರಿಗೆ ನಕ್ಕು ನಕ್ಕು ಮಜ್ಜಿಗೆ ನೆತ್ತಿಗೆ ಹತ್ತಿತು. ಆದರೂ ಹೊರಗೆ ಹೋಗಿ ಮುಖ ಸಪ್ಪಗೆ ಮಾಡಿಕೊಂಡು ಇಬ್ಬರಿಗೂ ಹಾಗೇ ಹೇಳಿದರು.

ತಾನು ಬಿಟ್ಟರೆ ಇನ್ನೊಬ್ಬನಿಗೆ ಸಿಕ್ಕಿಬಿಡುತ್ತದಲ್ಲ! ಇಬ್ಬರೂ ಒಪ್ಪಿದರು. ಯಾರ ಅಂಗಳವೂ ಬೇಡವೆಂದು ಬೀದಿಯಲ್ಲಿ ಹಾಕಿದ ಬೆಂಚಿನ ಎರಡು ತುದಿಯಲ್ಲಿ ಕೂತರು, ನಡುವೆ ಒಂದು ಸಂಸಾರ ಕೂರುವಷ್ಟು ಜಾಗ ಬಿಟ್ಟು. "ಗಾಜಿಗೆ ಹಿಡಿಯುವುದಿಲ್ಲ, ಹತ್ತಿರ ಬನ್ನಿ" ಎಂದು ಪಟದವರು ಸರಿಸಿದರು. "ಇನ್ನು ಸಾಕು ಅನ್ನುವವರೆಗೆ ಅಲುಗಾಡಬೇಡಿ."

ಮೈದುನನದಕ್ಕಿಂತ ದೊಡ್ಡದಿರಲಿ ಎಂದು ಅಕ್ಕ ತಲೆಗೆ ಸುತ್ತಿಕೊಟ್ಟಿದ್ದ ಭಾವನ ರುಮಾಲು ಅದೇ ಗಳಿಗೆಗೆ ಜಾರತೊಡಗಿತು. ಭಾವ ಕಲ್ಲಿನ ಹಾಗೆ ಕೂತೇ ಇದ್ದರು. ರುಮಾಲು ಒಂದು ಕಣ್ಣು ಮುಚ್ಚಿತು. ಪಕ್ಕದಿಂದ ನಮ್ಮವರ ಕೈ ಮೇಲೆದ್ದು ಅದನ್ನು ಹಿಡಿದುಕೊಂಡಿತು. ಬೇಲಿಯ ಆಚೆ ಅಕ್ಕ, ಈಚೆ ನಾನು, ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು.

ತಿಂಗಳಾದ ಮೇಲೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಪಟ ತಂದುಕೊಟ್ಟರು. ನಮ್ಮವರು ಅಡಕತ್ತರಿ ಹಿಡಿದು ಜಗಲಿಯಲ್ಲಿ ಕೂತರು. ತನ್ನ ಅರ್ಧಕ್ಕಾಗಿ ಭಾವನೂ ಬಂದರು, ಪಾಲಾದ ಮೇಲೆ ಮೊದಲ ಸಲ. ನಾನೂ ಇಣುಕಿದೆ. ಅವತ್ತು ಕೈಯನ್ನಷ್ಟೇ ನೋಡಿ ನಕ್ಕಿದ್ದವಳು ಈಗ ಪಟದಲ್ಲಿ ನಮ್ಮವರ ಮುಖ ನೋಡಿದೆ. ಅಣ್ಣನ ಮಾನ ಹೋಗಿಬಿಟ್ಟೀತೆಂಬ ಗಾಬರಿ ಆ ಮುಖದ ತುಂಬ ಇತ್ತು. ನನ್ನ ನಗು ನಿಂತುಹೋಯಿತು.

"ಕತ್ತರಿಸಿದ್ರೆ ನನ್ ಕೈ ನಿನ್ ಪಾಲಿಗೆ ಬರ್ತದೆ," ಎಂದರು ನಮ್ಮವರು.

"ನನ್ ರುಮಾಲಿಗೆ ಯಾಕೆ ಕೈ ಹಾಕ್ದೆ, ಮೊದ್ಲು ಅದನ್ನೇಳು."

"ಬಿದ್ದೋಗ್ತಿತ್ತು ಕಣಣ್ಣ."

ಪಾಲಾದ ಮೇಲೆ ಆ ಬಾಯಲ್ಲಿ 'ಅಣ್ಣ' ಎಂಬ ಮಾತು ನಾನು ಕೇಳಿರಲಿಲ್ಲ. ಭಾವ ಜಗಲಿಯ ತುದಿಯಲ್ಲಿ ಕುಳಿತರು. ಒಂದಿಷ್ಟು ಕೆಮ್ಮಿದರು. ಆಮೇಲೆ, "ನಿನ್ ಎತ್ತು ಹೆಂಗೈತೋ?" ಎಂದರು.

ಉತ್ತರಕ್ಕೆ ನಾನು ಕಾಯಲಿಲ್ಲ. ಪಟ ಎತ್ತಿಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ ಬೇಲಿ ದಾಟಿದೆ. ಅಂಗಳದಲ್ಲಿ ಅಕ್ಕ ನನಗೆ ಕೇಳಲೆಂದು ಗಟ್ಟಿಯಾಗಿ ಕಾಗೆ ಓಡಿಸುತ್ತಿದ್ದಳು.

"ಕಾಗೆ ಬಿಡೇ ಅಕ್ಕ," ಅಂದೆ, "ನಾನೇ ಬಂದಿದೀನಿ."