ಅಕ್ಕ ಬಡಿಸದ ಊಟ

ಮೊಮ್ಮಗಳ ಕಣ್ಣಿನ ಪಟ್ಟಿ ಬಿಚ್ಚಿದಾಗಲೆಲ್ಲ ಅಂಟಿನ ವಾಸನೆ ಬರುತ್ತದೆ. ಮರಳೂರಿನ ನಮ್ಮ ಮನೆಯಲ್ಲಿ ಅದೀಗ ಕಾಫಿಯ ವಾಸನೆಯಷ್ಟೇ ಮಾಮೂಲು. ಮಗುವಿಗೆ ಮೆಳ್ಳೆಗಣ್ಣು. ನೆಟ್ಟಗಿರುವ ಕಣ್ಣನ್ನು ಮುಚ್ಚಿ, ಓರೆಯಾದದ್ದಕ್ಕೆ ಕೆಲಸ ಕೊಡಬೇಕಂತೆ. ಪಟ್ಟಿ ಹಾಕುವವನು ನಾನು, ಹಾಗಾಗಿ ಮನೆಯಲ್ಲಿ ವಿಲನ್ನೂ ನಾನೇ.

ನಮ್ಮಕ್ಕನಿಗೂ ಹೀಗೇ ಇತ್ತು. ನಾವು ಬೆಳೆದದ್ದು ಗುಬ್ಬಿಯ ಹತ್ತಿರದ ಕಡಬದಲ್ಲಿ. "ಮೆಳ್ಳೆಗಣ್ಣು ಅದೃಷ್ಟ ಕಣವ್ವ" ಎಂದುಕೊಂಡು ಅವ್ವ ಅವಳನ್ನು ಯಾವ ಡಾಕ್ಟರಿಗೂ ತೋರಿಸಲಿಲ್ಲ. ನೀವೂ ಈ ಮಾತು ಕೇಳಿರುತ್ತೀರಿ. ಆ ಅದೃಷ್ಟ ಯಾವ ದಾರಿಯಲ್ಲಿ ಬಂತೋ, ನಾನಂತೂ ಕಾಣೆ.

ಬಡಿಸುವಾಗ ಅಕ್ಕ ಸೌಟನ್ನು ತಟ್ಟೆಯ ಅಂಚಿಗೆ ತಾಗಿಸಿಯೇ ಸಾರು ಬಿಡುತ್ತಿದ್ದಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿರಲಿಲ್ಲ. ತಾಗಿದ ಸೌಟು ಎಂಜಲು, ಅದನ್ನು ಅದ್ದಿದರೆ ಪಾತ್ರೆಯಷ್ಟೂ ಎಂಜಲು. ತಾಗಿಸದೆ ಬಿಟ್ಟರೆ ಸಾರು ಉಣ್ಣುವವರ ಕೈ ಮೇಲೆ. ಮಠದ ಅಯ್ಯನೋರು ಊಟಕ್ಕೆ ಬಂದ ದಿನ ಅಕ್ಕ ಎರಡನ್ನೂ ಮಾಡಿದಳು. ಅವ್ವ ಎಲ್ಲರೆದುರೇ ಸೌಟು ಕಿತ್ತುಕೊಂಡಳು.

"ಗ್ಯಾನ ಇಲ್ದೋಳೇ, ಇನ್ಮೇಲೆ ಪಂಕ್ತಿ ಕಡೆ ಬರ್ಬೇಡ."

ಅಕ್ಕ ಬರಲಿಲ್ಲ. ಮದುವೆಯಾಗಿ ಕುಣಿಗಲ್ ಕಡೆಯ ಕೊತ್ತಗೆರೆಗೆ ಹೋದ ಮೇಲೂ ಯಾರಿಗೂ ಬಡಿಸಲಿಲ್ಲ. ಸ್ವಂತ ಮಗನ ಮದುವೆಯಲ್ಲಿ ಹಿಂದುಗಡೆ ಅಡುಗೆಯವರ ಜೊತೆ ಕಾಯಿ ತುರಿಯುತ್ತ ಕೂತಿದ್ದಳು. ಬೀಗರಿಗೆ ಒಂದು ಸೌಟು ಪಾಯಸ ಹಾಕು ಬಾ ಎಂದು ಕರೆದೆ. "ನಂಗೆ ಗ್ಯಾನ ಇಲ್ಲ, ಬುಡು" ಎಂದಳು. ಅವಳ ಸ್ವಭಾವವೇ ಹೀಗೆ ಎಂದುಕೊಂಡು ನಾನು ಹೋಗಿ ಎರಡು ಸಲ ಪಾಯಸ ಹಾಕಿಸಿಕೊಂಡೆ.

ಮೊನ್ನೆ ತುಮಕೂರಿನ ಕಣ್ಣಿನ ಡಾಕ್ಟರು ಮೊಮ್ಮಗಳನ್ನು ನೋಡುತ್ತ ಬಿಡಿಸಿ ಹೇಳಿದರು. ಎರಡು ಕಣ್ಣು ಎರಡು ಕಡೆ ತಿರುಗಿದ್ದರೆ ಒಂದು ವಸ್ತು ಎರಡಾಗಿ ಕಾಣಬೇಕು. ಮಗುವಿನ ಮೆದುಳು ಆ ಗೊಂದಲ ತಾಳಲಾರದೆ ಒಂದು ಕಣ್ಣು ಕಂಡದ್ದನ್ನು ಕೈಬಿಡುತ್ತದೆ. ಆಗ ಎಲ್ಲವೂ ಒಂದೊಂದೇ ಕಾಣುತ್ತದೆ, ಆದರೆ ಯಾವುದು ಎಷ್ಟು ದೂರ, ಎಷ್ಟು ಆಳ ಎಂಬ ಅಂದಾಜು ಸರಿಯಾಗಿ ಸಿಗುವುದಿಲ್ಲ.

"ಲೋಟಕ್ಕೆ ನೀರು ಹಾಕೋವಾಗ ಅಂಚಿಗೆ ತಾಗಿಸ್ಕೊಂಡು ಹಾಕ್ತಾಳಾ?" ಎಂದು ಕೇಳಿದರು.

ಜೊತೆಗೆ ಬಂದಿದ್ದ ನನ್ನ ಮಗಳು, ಮಗುವಿನ ತಾಯಿ, ಹೌದೆಂದಳು. ನಾನು ಡಾಕ್ಟರಿಗೆ ಅಕ್ಕನ ಸೌಟಿನ ವಿಷಯ ಹೇಳಿದೆ.

ನಿನ್ನೆ ಕೊತ್ತಗೆರೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಎರಡೆರಡು ಸಲ ಕೇಳಿಸಿಕೊಂಡಳು.

"ಹಂಗಾರೆ ನಾನು ಗ್ಯಾನ ಇಲ್ದೋಳಲ್ವೇನ್ಲಾ?"

"ಅಲ್ಲ ಕಣಕ್ಕ."

ಈ ವಯಸ್ಸಿಗೆ ಸರಿಹೋಗುವುದಿಲ್ಲವಂತೆ ಎಂದೂ ಹೇಳಿದೆ. ಅದಕ್ಕೆ ಅವಳು ಅಳಲಿಲ್ಲ, ಕಣ್ಣು ಹೋದರೆ ಹೋಗಲಿ ಬುಡು ಎಂದಳು. ಆಮೇಲೆ ಸೆರಗು ಬಾಯಿಗೆ ಹಿಡಿದು ಚಿಕ್ಕ ಹುಡುಗಿಯ ಹಾಗೆ ಬಿಕ್ಕಿದಳು.

"ಅವ್ವ ಹೋಗ್ಬುಟ್ಲಲ್ಲೋ. ಅವ್ಳಿಗೆ ಇದ್ನ ಇನ್ಯಾರು ಹೇಳ್ತಾರೆ?"