ಪರದೆಯ ಮೇಲೆ ಲಾಕರ್ ಅಕ್ಕ

ಬ್ಯಾಂಕಿನ ನೆಲಮಾಳಿಗೆಯಲ್ಲಿ ಇಪ್ಪತ್ತಾರು ವರ್ಷ ಒಂದೇ ಕೆಲಸ ಮಾಡಿದವಳು ಲಾಕರ್ ಅಕ್ಕ. ಗಿರಾಕಿ ರಿಜಿಸ್ಟರಿಗೆ ಸಹಿ ಹಾಕಿದ ಮೇಲೆ ಮುಂದೆ ಮುಂದೆ ನಡೆಯುವುದು, ಬ್ಯಾಂಕಿನ ಕೀ ತಿರುಗಿಸುವುದು, ಅವರು ತಮ್ಮ ಕೀ ಹಾಕುವಷ್ಟರಲ್ಲಿ ಮುಖ ತಿರುಗಿಸಿ ಹೊರಗೆ ಬರುವುದು. ಯಾರ ಪೆಟ್ಟಿಗೆಯಲ್ಲಿ ಏನಿದೆಯೆಂದು ಒಮ್ಮೆಯೂ ಇಣುಕಿದವಳಲ್ಲ. ಅವಳ ಮುಖವನ್ನೂ ಯಾರೂ ಅಷ್ಟಾಗಿ ನೋಡಿದವರಲ್ಲ. ಫ್ಯಾನಿನ ಸದ್ದು ಬಿಟ್ಟರೆ ಅಲ್ಲಿ ನೀರಿನಡಿಯಲ್ಲಿ ಇದ್ದಂಥ ಮೌನ.

ಒಂದು ದಿನ ಮ್ಯಾನೇಜರು ಒಬ್ಬ ಹೆಂಗಸನ್ನು ಕರೆತಂದರು. ಮುಖಕ್ಕೆ ಬಣ್ಣವಿಲ್ಲ, ಕಾಲಲ್ಲಿ ಸವೆದ ಚಪ್ಪಲಿ. ಪೋಸ್ಟರುಗಳಲ್ಲಿ ಕಂಡ ನಟಿ ಇವಳೇ ಎಂದು ಅಕ್ಕನಿಗೆ ಹೊಳೆಯಲು ಹೊತ್ತು ಹಿಡಿಯಿತು.

"ಬ್ಯಾಂಕ್ ದರೋಡೆ ಸಿನಿಮಾ ಅಕ್ಕಾ. ಬಂದೂಕಿಲ್ಲ, ಗಲಾಟೆ ಇಲ್ಲ. ಲಾಕರ್ ನೋಡ್ಕೊಳ್ಳೋಳೇ ಕಳ್ಳಿ. ಆ ಪಾತ್ರ ನಂದು. ಒಂದು ವಾರ ನಿಮ್ಮ ಮೇಜಿನ ಪಕ್ಕ ಕೂತಿರ್ಲಾ?"

"ಕೂತ್ಕೊಳಮ್ಮ. ನೋಡೋಕೆ ಇಲ್ಲೇನಿದೆ ಮಣ್ಣು!" ಎಂದು ಅಕ್ಕ ನಕ್ಕಳು.

ನಟಿ ಏನನ್ನೂ ಕೇಳಲಿಲ್ಲ. ವಾರವಿಡೀ ಸುಮ್ಮನೆ ನೋಡಿದಳು, ಹೋದಳು.

ವರ್ಷ ಕಳೆದು ಸಿನಿಮಾ ಬಂತು. ಅಕ್ಕ ಮಧ್ಯಾಹ್ನದ ಆಟಕ್ಕೆ ಗಂಡನ ಜೊತೆ ಹೋದಳು. ಗಡಿಯಾರ ರಿಪೇರಿ ಮಾಡುವ ಅವನದು ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುವ ಕಣ್ಣು. ಪರದೆಯ ಮೇಲೆ ನಟಿ ಎರಡು ಮೆಟ್ಟಿಲು ಇಳಿದಳೋ ಇಲ್ಲವೋ, ಗಂಡ ಇವಳನ್ನು ಮೊಣಕೈಯಿಂದ ತಿವಿದ.

"ಲೇ, ಇದು ನೀನೇ ಕಣೇ!"

ಎಡಗಾಲನ್ನು ತುಸು ಎಳೆಯುವ ನಡಿಗೆ. ಕೀಯನ್ನು ತೋಳಿಗೆ ಒರೆಸಿಕೊಳ್ಳುವ ಅಭ್ಯಾಸ. ಇನ್ನೊಂದೂ ಇತ್ತು: ಕೀ ತಿರುಗಿಸುವ ಮೊದಲು ನಟಿ ಅರೆಗಳಿಗೆ ಕಣ್ಣು ಮುಚ್ಚುತ್ತಿದ್ದಳು.

"ನಾನು ಹಾಗೆ ಮಾಡ್ತೀನಾ?"

"ಮನೆ ಬಾಗಿಲು ತೆಗೆಯೋವಾಗ್ಲೂ ಮಾಡ್ತೀಯ. ಮದುವೆಯಾದಾಗಿಂದ ನೋಡ್ತಾನೇ ಇದೀನಿ."

ಅಕ್ಕ ಮತ್ತೆ ಮುಂದಕ್ಕೆ ತಿರುಗಿದಳು. ಪರದೆಯಲ್ಲಿ ಕಳ್ಳತನ ಮುಗಿದಿತ್ತು. ಇನ್‌ಸ್ಪೆಕ್ಟರ್ ಪಾತ್ರದ ಮುದಿ ನಟ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದ: ಅವಳು ನೋಡೋಕೆ ಹೇಗಿದ್ದಳು? ಒಬ್ಬರಿಗೂ ನೆನಪಿಲ್ಲ. ಎಲ್ಲರೂ ಪೆಚ್ಚಾಗಿ ನಿಂತಾಗ ಅವನ ಸುಸ್ತಾದ ಕಣ್ಣಲ್ಲಿ ಆ ಕಳ್ಳಿಯ ಬಗ್ಗೆ ಮೆಲ್ಲಗೆ ಒಂದು ಮೆಚ್ಚುಗೆ ಮೂಡಿತು. ಅಷ್ಟರಲ್ಲಿ ನಟಿ ಅದೇ ನಡಿಗೆಯಲ್ಲಿ ಬಿಸಿಲಿಗೆ ಬಂದು, ಜನರ ನಡುವೆ ಕರಗಿಹೋದಳು. ಚಿತ್ರಮಂದಿರದ ತುಂಬ ಶಿಳ್ಳೆ. ಅಕ್ಕನ ಕಣ್ಣಲ್ಲಿ ನೀರು. ದುಃಖಕ್ಕಲ್ಲ, ಯಾರೋ ತನ್ನನ್ನು ಎತ್ತಿಕೊಂಡು ಹೋಗಿ ಬೆಳಕಿನಲ್ಲಿ ಇಳಿಸಿದ ಹಾಗಿತ್ತು.

ಮರುದಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಅವಳು ಗಂಡನ ಅಂಗಡಿಗೆ ಹೋದಳು. ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಅವನನ್ನೇ ನೋಡಿದಳು.

"ಏನೇ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಸ್ಕ್ರೂ ತಿರುಗಿಸೋವಾಗ ನಾಲಿಗೆ ಕಚ್ಕೋತೀರಲ್ಲ, ಇಷ್ಟು ವರ್ಷ ನಂಗೆ ಗೊತ್ತೇ ಇರ್ಲಿಲ್ಲ. ನೀವು ನಿಮ್ಮ ಕೆಲಸ ಮಾಡಿ, ನಾನು ನೋಡ್ತಿರ್ತೀನಿ."