ಬಾಬಣ್ಣ ಎಬ್ಬಿಸಿದ ಮದುಮಗಳು

ಬೀಟ್‌ರೂಟ್ ಬೇಯುವ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಪಲ್ಯ ನೆನಪಾಗುವುದಿಲ್ಲ, ರಕ್ತ ನೆನಪಾಗುತ್ತದೆ. ಬೀರೂರಿನ ನಮ್ಮ ಮನೆಯಲ್ಲಿ ಒಂದು ಆಷಾಢವಿಡೀ ಆ ಕೆಂಪು ನೀರು, ಸಿನಿಮಾದ ರಕ್ತಕ್ಕೆಂದು, ಪಾತ್ರೆಗಟ್ಟಲೆ ಕುದಿಯಿತು. ಚಿಕ್ಕಪ್ಪ ಮದುವೆಗಳ ವಿಡಿಯೋ ತೆಗೆಯುವವನು. ಆಷಾಢದಲ್ಲಿ ಮದುವೆಗಳಿಲ್ಲ, ಕ್ಯಾಮೆರಾ ಸುಮ್ಮನೆ ಕೂತಿತ್ತು; ಸಿನಿಮಾ ಮಾಡಿಯೇಬಿಡುತ್ತೇನೆಂದು ಹೊರಟ. ಹುಚ್ಚು ವಿಜ್ಞಾನಿಯೊಬ್ಬ, ಮದುವೆಯ ದಿನವೇ ಸತ್ತ ಮದುಮಗಳಿಗೆ ಕರೆಂಟು ಕೊಟ್ಟು ಎಬ್ಬಿಸುತ್ತಾನೆ. ಎದ್ದವಳು ಅವನ ಕತ್ತು ಹಿಸುಕುವ ಬದಲು, ಇಂಥ ಕಸದಲ್ಲಿ ಹೇಗೆ ಬದುಕುತ್ತೀಯ ಎಂದು ಬೈದು ಕಾಫಿ ಕೇಳುತ್ತಾಳೆ. ನೋಡಿದವರು ಹೆದರಬೇಕು, ನಗಲೂಬೇಕು ಎಂಬುದು ಚಿಕ್ಕಪ್ಪನ ಆಸೆ. ತಾತನ ಕೊಬ್ಬರಿ ಕೋಣೆಯೇ ಪ್ರಯೋಗಶಾಲೆಯಾಯಿತು. ಸೋಡಾ ಬಾಟಲಿಗಳಲ್ಲಿ ನೀಲಿ ಇಂಕು, ಗೋಡೆಗೆ ಸೈಕಲ್ ಚಕ್ರ, ಹೊಟ್ಟೆ ಬಗೆದ ರೇಡಿಯೋಗಳು. ಆ ರೇಡಿಯೋಗಳೆಲ್ಲ ಬಾಬಣ್ಣನವು. ಸ್ಟೇಷನ್ ರಸ್ತೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಅವನು ಚಿಕ್ಕಪ್ಪನ ಜೀವದ ಗೆಳೆಯ. ತಲೆಗೆ ಅಕ್ಕಿಹಿಟ್ಟು ಬಡಿದುಕೊಂಡ ವಿಜ್ಞಾನಿಯೂ ಅವನೇ.

ಮದುಮಗಳಾಗಬೇಕಿದ್ದ ಹುಡುಗಿಯನ್ನು ಅವಳ ತಾಯಿ ಕಳಿಸಲಿಲ್ಲ. ಹೆಣದ ಪಾರ್ಟು ಅಪಶಕುನವಂತೆ. ಚಿಕ್ಕಪ್ಪ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಕಾಫಿ ತಂದ ನಾಗತ್ತೆ, "ಮಲಗಿ ಏಳೋದು ತಾನೇ? ನಾನೇ ಮಾಡ್ತೀನಿ ಬಿಡೋ" ಅಂದಳು. ನಾಗತ್ತೆ ಅಪ್ಪನ ತಂಗಿ. ಅಜ್ಜಂಪುರಕ್ಕೆ ಮದುವೆಯಾಗಿ ಹೋದವಳು, ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಬರಿ ಹಣೆ, ಬರಿ ಕೈ. ಮನೆಯಲ್ಲಿ ಶುಭಕಾರ್ಯವಿದ್ದರೆ ತಾನಾಗಿ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಹೋಗು ಎಂದು ಯಾರೂ ಅನ್ನುತ್ತಿರಲಿಲ್ಲ. ಇರು ಎಂದೂ ಅನ್ನುತ್ತಿರಲಿಲ್ಲ. ತಾತ ಅವಳೊಡನೆ ಮಾತಾಡುವಾಗ ನೆಲ ನೋಡುತ್ತಿದ್ದರು.

ತಾತ ಲಕ್ಕವಳ್ಳಿಯ ನೆಂಟರ ಮನೆಗೆ ಹೋದ ದಿನ ನೋಡಿಕೊಂಡು ಶೂಟಿಂಗ್ ಇಟ್ಟರು. ಅಮ್ಮ ತನ್ನ ಧಾರೆ ಸೀರೆಯನ್ನೇ ಅತ್ತೆಗೆ ಉಡಿಸಿದಳು. ಕುಂಕುಮವಿಟ್ಟು, ಹೂ ಮುಡಿಸಿ, ಬಳೆ ತೊಡಿಸುವ ಮೊದಲು ಮಾತ್ರ ಅಮ್ಮ ಬಾಗಿಲ ಕಡೆ ತಿರುಗಿ ನೋಡಿದಳು. "ನಾಟಕಕ್ಕೆ ತಾನೇ ಅತ್ತಿಗೆ, ಹಾಕಿ" ಎಂದು ಅತ್ತೆಯೇ ಧೈರ್ಯ ಹೇಳಿದಳು. ಅವಳಿಗಿನ್ನೂ ಮೂವತ್ತಾಗಿಲ್ಲವೆಂಬುದು ಆವತ್ತು ನಮಗೆಲ್ಲ ಮೊದಲ ಬಾರಿಗೆ ಕಂಡಂತಾಯಿತು. "ಏಳು ಪಿಶಾಚಿ!" ಎಂದು ಅಬ್ಬರಿಸಬೇಕಾದ ಬಾಬಣ್ಣ ಪ್ರತಿ ಸಲವೂ "ಏಳಕ್ಕಾ" ಎನ್ನುತ್ತಿದ್ದ. ಚಿಕ್ಕಪ್ಪ ರೇಗಿದಾಗ ತನ್ನ ದಖ್ಖನಿ ಉರ್ದುವಿನಲ್ಲಿ ಏನೋ ಗೊಣಗಿ, "ಅಕ್ಕನ್ನ ಪಿಶಾಚಿ ಅನ್ನಕ್ಕೆ ಬಾಯೇ ಬರಲ್ಲ ಕಣೋ" ಅಂದ. ಹೆಣವಾಗಿ ಮಲಗಿದ್ದ ಅತ್ತೆ ತಡೆಯಲಾರದೆ ಎದ್ದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

ಬಾಗಿಲಲ್ಲಿ ತಾತ ನಿಂತಿದ್ದರು. ಮರುದಿನ ಬರಬೇಕಿದ್ದವರು ಅವತ್ತೇ ಬಂದುಬಿಟ್ಟಿದ್ದರು. ಅತ್ತೆಯ ನಗು ಅಲ್ಲೇ ನಿಂತಿತು. ಹಣೆಯನ್ನು ಸೆರಗಿನಿಂದ ಒರೆಸಿಕೊಂಡಳು, ಬಳೆ ಕಳಚಲು ಎಳೆಯತೊಡಗಿದಳು. ಬಿಗಿಯಾಗಿದ್ದ ಅವು ಬರಲಿಲ್ಲ. ತಾತ ಹತ್ತಿರ ಬಂದು ಅವಳ ಮುಂಗೈ ಹಿಡಿದುಕೊಂಡರು. ಮುಖವನ್ನೇ ಬಹಳ ಹೊತ್ತು ನೋಡಿದರು. "ಇರ್ಲಿ ಬಿಡವ್ವ" ಅಂದರು. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, "ಬಾಕಿ ಏನೈತೋ ತೆಗೀರಪ್ಪ" ಎಂದು ಕೊಬ್ಬರಿ ಚೀಲದ ಮೇಲೆ ಕೂತರು. ಉಳಿದ ಬೈಗುಳವನ್ನೆಲ್ಲ ಅತ್ತೆ ಅಳುತ್ತಲೇ ಬೈದಳು. ಸಿನಿಮಾದಲ್ಲಿ ಎಲ್ಲರನ್ನೂ ಹೆಚ್ಚು ನಗಿಸಿದ್ದು ಅದೇ ಭಾಗ.

ಬಳೆಗಳನ್ನು ಅವಳು ಮತ್ತೆ ತೆಗೆಯಲಿಲ್ಲ. ಬೀದಿಯವರು ಆಡಿಕೊಂಡರು, ತಾತ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುವರ್ಷ ಅತ್ತೆ ತರೀಕೆರೆಯ ಶಿಶುವಿಹಾರವೊಂದರಲ್ಲಿ ಕೆಲಸಕ್ಕೆ ಸೇರಿ ದಿನಾ ರೈಲಿನಲ್ಲಿ ಹೋಗಿಬರತೊಡಗಿದಳು. ಮತ್ತೆ ಮದುವೆಯಾಗು ಎಂದವರಿಗೆ, "ಒಂದ್ಸಲ ಸತ್ತು ಎದ್ದಿದ್ದೀನಲ್ಲ, ಸಾಕು ಕಣ್ರೀ" ಅನ್ನುತ್ತಿದ್ದಳು.

ಟೇಪಿಗೆ ಬೂಷ್ಟು ಹಿಡಿದು ಎಷ್ಟೋ ಕಾಲವಾಯಿತು. ತಾತ, ಅಪ್ಪ, ಅಮ್ಮ, ಚಿಕ್ಕಪ್ಪ, ಕೊನೆಗೆ ಅತ್ತೆ, ಒಬ್ಬೊಬ್ಬರಾಗಿ ಹೋದರು. ಮನೆಯಿದ್ದ ಜಾಗದಲ್ಲಿ ಟೈಲ್ಸ್ ಅಂಗಡಿಯಿದೆ. ಹೋದ ತಿಂಗಳು ಬೀರೂರಿಗೆ ಹೋಗಿದ್ದಾಗ ಬಾಬಣ್ಣ ಸಿಕ್ಕಿದ. ಮೊದಲು ಅವನಿಗೆ ನನ್ನ ಗುರುತು ಸಿಗಲಿಲ್ಲ, ಆಮೇಲೆ "ನಾಗಕ್ಕನ ಅಣ್ಣನ ಮಗಳು ಅಲ್ವಾ!" ಎಂದು ಕೈ ಹಿಡಿದು ಅಂಗಡಿಯೊಳಗೆ ಕೂರಿಸಿದ. ಅವತ್ತು ಅಕ್ಕ ಮುಡಿದಿದ್ದದ್ದು ಮಲ್ಲಿಗೆ ಎಂದ ಅವನು. ಕನಕಾಂಬರ ಎಂದೆ ನಾನು. ಯಾವುದು ಸರಿಯೆಂದು ಹೇಳಬಲ್ಲವರು ಯಾರೂ ಉಳಿದಿಲ್ಲ.